ಬ್ಯಾಡಗಿಯ ಅಡತಿ ಅಂಗಡಿಗೆ ನೆಟ್‌ವರ್ಕ್ ಭಾಗ ಮಾಡಿ ಕೊಟ್ಟ ಲೆಕ್ಕ

ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಡಿದರೆ ಎಲ್ಲರೂ ಲೆಕ್ಕ ಹಾಕುವುದು ಕಳ್ಳ ಕೇಳಿದ ಹಣವನ್ನು. ದೊಡ್ಡ ಪೆಟ್ಟು ಬೀಳುವುದು ಕೆಲಸದ ಹಂಚಿಕೆಗೆ. ರೈತರ ಮಾಲು ಕಮಿಷನ್ನಿಗೆ ಮಾರಿಕೊಡುವ ಅಡತಿಯಲ್ಲಿ, ಮೆಣಸಿನಕಾಯಿ ಸೀಸನ್ನಿನಲ್ಲಿ ಒಬ್ಬ ಲಾಟ್ ಬರೆಯುತ್ತಾನೆ, ಒಬ್ಬ ತೂಕ ಏರಿಸುತ್ತಾನೆ, ಒಬ್ಬ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ತೆಗೆಯುತ್ತಾನೆ, ಮತ್ತೊಬ್ಬ ಆರ್‌ಟಿಜಿಎಸ್ ನೋಡುತ್ತಾನೆ. ತಾಸಿಗೆ ಐವತ್ತರ ಹತ್ತಿರ ಪಟ್ಟಿ ತೆಗೆಯುವವನು ಸಿಸ್ಟಮ್ ಬಿದ್ದರೆ ಕೈಬರಹದಲ್ಲಿ ಹತ್ತು-ಹನ್ನೆರಡಕ್ಕೆ ಇಳಿಯುತ್ತಾನೆ. ಕಾಯಿಯ ಬಣ್ಣ, ಸುಕ್ಕು ನೋಡಿ ಅಂದಾಜು ಹೇಳಬೇಕಾದ ಅನುಭವಸ್ಥ ಅವನ ಪಕ್ಕ ಕೂತು ಕೂಡಿಸಿ ಕಳೆಯುತ್ತಾನೆ.

ಹಾಗಾಗಿ ಕೆಲಸ ಹಂಚಿದಂತೆಯೇ ನೆಟ್‌ವರ್ಕನ್ನೂ ಭಾಗ ಮಾಡಿದೆ, ಒಂದು ಕಡೆ ವೈರಸ್ ಬಂದರೂ ಉಳಿದ ಕಡೆ ಹರಡದ ಹಾಗೆ. "ಅಡತಿಗೆ ಇಷ್ಟೆಲ್ಲ ಯಾಕ್ರೀ, ಆ್ಯಂಟಿವೈರಸ್ ಸಾಕು" ಅಂದ ಹುಬ್ಬಳ್ಳಿಯ ಸರ್ವಿಸ್‌ನವರೇ ಈಗ ನನ್ನ ರೌಟರಿನ ಕಾನ್ಫಿಗ್ (ಸೆಟ್ಟಿಂಗ್) ಕೇಳುತ್ತಾರೆ.

ರೌಟರ್ ಮೈಕ್ರೋಟಿಕ್ ಹೆಕ್ಸ್, ನಾನು ಕೊಂಡಾಗ ಸುಮಾರು ಐದೂವರೆ ಸಾವಿರ. ಬಿಲ್ಲಿಂಗ್ ಒಂದು ಪೋರ್ಟ್, ಬ್ಯಾಂಕ್ ಮತ್ತು ಪೇಟೆಯ ಟೆಂಡರ್ ನೋಡುವ ಕಂಪ್ಯೂಟರ್ ಇನ್ನೊಂದು, ಗಿರಾಕಿಗಳ ವೈಫೈ ಬೇರೆ. ನಡುವೆ ಎಲ್ಲ ಡ್ರಾಪ್, ಅಂದರೆ ಒಂದರಿಂದ ಇನ್ನೊಂದಕ್ಕೆ ದಾರಿ ಇಲ್ಲ. ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು, 3389, ಹೊರಗಿನಿಂದ ಪೂರ್ತಿ ಬಂದ್. ಮನೆಯಿಂದ ಟ್ಯಾಲಿ (ಲೆಕ್ಕ ಇಡುವ ಸಾಫ್ಟ್‌ವೇರ್) ನೋಡಬೇಕೆಂದವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಕೀಲಿ ಇದ್ದವರಿಗಷ್ಟೇ ತೆರೆಯುವ ದಾರಿ. ಫೈಲ್ ಹಂಚಿಕೊಳ್ಳುವ ಬಾಗಿಲು 445 ಬಿಲ್ಲಿಂಗ್ ಒಳಗಷ್ಟೇ. 2017ರ ಮೇನಲ್ಲಿ ವನ್ನಾಕ್ರೈ ಎಂಬ ಇಂಥದೇ ವೈರಸ್ ಹರಡಿದ್ದು ಅದರ ಮೇಲೆಯೇ, ಪ್ಯಾಚ್ ಮಾರ್ಚ್‌ನಲ್ಲೇ ಬಂದಿದ್ದರೂ.

ಡ್ರಾಪ್ ಹಾಕಿದ ಕೂಡಲೇ ಟ್ಯಾಲಿ ಎಜುಕೇಷನಲ್ ಮೋಡ್‌ಗೆ (ಲೈಸೆನ್ಸ್ ಸಿಗದಾಗಿನ ಕಲಿಕೆಯ ಸ್ಥಿತಿಗೆ) ಹೋಯಿತು, ತಿಂಗಳ ನಡುವಿನ ತಾರೀಖಿಗೆ ವೋಚರ್ ಹಾಕಲು ಬರಲಿಲ್ಲ. ಲೈಸೆನ್ಸ್ ಬ್ಯಾಂಕ್ ಕಡೆಯ ಕಂಪ್ಯೂಟರಿನಲ್ಲಿತ್ತು. ಟ್ಯಾಲಿ ಲೈಸೆನ್ಸ್ ಕೇಳುವ ಬಾಗಿಲು 9999 ಒಂದನ್ನೇ ಬಿಟ್ಟ ಮೇಲೆ ಸರಿಯಾಯಿತು. ಆ ನಿಯಮ ರೌಟರಿನ ನಿಯಮಗಳ ಸಾಲಿನಲ್ಲಿ ಡ್ರಾಪ್‌ಗಿಂತ ಮೇಲಿರಬೇಕು.

ಬ್ಯಾಕಪ್‌ಗೆ ಒಂದು ಟಿಬಿಯ ಎರಡು ಡಿಸ್ಕ್, ಆಗ ಎಂಟು ಸಾವಿರದ ಆಸುಪಾಸು ಬಿತ್ತು. ಚುಚ್ಚಿಟ್ಟೇ ಬಿಟ್ಟ ಡಿಸ್ಕ್ ಡೇಟಾ ಜೊತೆಗೇ ಎನ್‌ಕ್ರಿಪ್ಟ್ ಆಗುತ್ತದೆ, ಕ್ಲೌಡ್ ಸಿಂಕ್ ಫೋಲ್ಡರ್ ಕೆಟ್ಟ ಫೈಲನ್ನೂ ನಿಷ್ಠೆಯಿಂದ ಮೇಲೇರಿಸುತ್ತದೆ. ಒಂದು ಡಿಸ್ಕ್ ಯಾವಾಗಲೂ ಕಪಾಟಿನಲ್ಲಿ. ಟ್ಯಾಲಿಯಲ್ಲಿ ಕಂಪನಿ (ಅಂಗಡಿಯ ಲೆಕ್ಕದ ಕಡತ) ಮುಚ್ಚಿಯೇ ಕಾಪಿ ಮಾಡಿ. ತೆರೆದಿದ್ದಾಗ ತೆಗೆದ ಕಾಪಿ ರಿಸ್ಟೋರ್‌ನಲ್ಲಿ ಕೈಕೊಡಬಹುದು. 

ಹಳೆ ಲ್ಯಾಪ್‌ಟಾಪ್‌ನಲ್ಲಿ ಪೈಹೋಲ್ ಹಾಕಿಯೂ ನೋಡಿದೆ. ಅದು ಸೈಟಿನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಲಸ ಮಾಡುತ್ತಲೇ ಬೇಡದ ಸೈಟ್ ತಡೆಯುತ್ತದೆ. ಬ್ಯಾಟರಿ ಸತ್ತ ಯಂತ್ರ, ಕರೆಂಟ್ ಹೋದಾಗಲೆಲ್ಲ ಇಡೀ ಅಂಗಡಿಗೆ ನೆಟ್ ಇಲ್ಲ. ಈಗ ರೌಟರಿನಲ್ಲೇ 9.9.9.9, ಕೆಟ್ಟ ಸೈಟ್ ತಡೆಯುವ ಕ್ವಾಡ್9 ಡಿಎನ್‌ಎಸ್, ಪುಕ್ಕಟೆ.

ಇದ್ಯಾವುದೂ ತಡೆಯದ್ದು ವಾಟ್ಸಾಪಿನ "ಖಾತೆ ನಂಬರ್ ಬದಲಾಗಿದೆ" ಸಂದೇಶ. ಮೊದಲಿನಿಂದ ಗೊತ್ತಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳದೆ ದುಡ್ಡು ಬಿಡಬಾರದು. ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930.

ಕೇಬಲ್, ಕೂಲಿ ಸೇರಿ ಹದಿನಾರು ಸಾವಿರದೊಳಗೆ ಮುಗಿಯಿತು. ರೌಟರ್ ಅಪ್‌ಡೇಟ್ ಭಾನುವಾರ ಮಾಡಿ. ಸೋಮವಾರ, ಗುರುವಾರ ಪೇಟೆ ಇದ್ದಾಗ ಮುಟ್ಟಬೇಡಿ.