ಆರ್‌ಸಿ ಇಲ್ಲದ ಟ್ರೇಲರ್ ಕೊಳ್ಳುವ ಮುನ್ನ

ಕಬ್ಬಿನ ಹಂಗಾಮು ಹತ್ತಿರವಾದಂತೆ ಹಳೆಯ ಟ್ರೇಲರ್‌ಗಳ ವ್ಯಾಪಾರ ಜೋರಾಗುತ್ತದೆ. ‘ಆರ್‌ಸಿ ಇಲ್ರೀ, ಅದಕ್ಕೇ ಕಡಿಮಿಗಿ ಕೊಡಾಕತ್ತೀನಿ. ಬೇಕಂದ್ರ ಬಾಂಡ್ ಮ್ಯಾಲ ಬರಕೊಡ್ತೀನಿ’ ಎನ್ನುವವರೂ ಸಿಗುತ್ತಾರೆ. ಎಂಜಿನ್ನೇ ಇಲ್ಲದ ಡಬ್ಬಿಗೆ ಆರ್‌ಸಿ (ನೋಂದಣಿ ಪತ್ರ) ಯಾಕೆ ಎಂದು ಕೊಳ್ಳುವವರಿಗೂ ಅನ್ನಿಸುತ್ತದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಟ್ರ್ಯಾಕ್ಟರಿಗೊಂದು, ಟ್ರೇಲರಿಗೊಂದು ನಂಬರ್ ಇರುವುದು ಅದಕ್ಕೇ. ನೋಂದಣಿಯಿಲ್ಲದೆ ರಸ್ತೆಗಿಳಿಸಿ ಸಿಕ್ಕಿಬಿದ್ದರೆ ಮೊದಲ ಸಲವೇ 5,000 ರೂಪಾಯಿವರೆಗೆ ದಂಡ.

ಬೆಲೆ ಮಾತಾಡುವ ಮೊದಲು ಆರ್‌ಸಿ ಯಾಕಿಲ್ಲ ಎಂದು ಕೇಳಿ. ಕಳೆದಿದೆಯೋ, ಸಾಲ ಬಾಕಿಯಿದೆಯೋ, ತೀರಿಕೊಂಡ ಅಪ್ಪನ ಹೆಸರಿನಲ್ಲೇ ಉಳಿದಿದೆಯೋ ಅಥವಾ ನೋಂದಣಿಯೇ ಆಗಿಲ್ಲವೋ? ಮುಂದಿನ ದಾರಿ ಈ ಉತ್ತರದ ಮೇಲೆ ನಿಂತಿದೆ.

ಆಮೇಲೆ ಗಾಡಿ ನೋಡಿ. ಫ್ರೇಮಿನ ಮೇಲೆ ಚಾಸಿಸ್ ನಂಬರ್ ಕೊರೆದಿರುತ್ತದೆ. ತುಕ್ಕು, ಬಣ್ಣ ಕೆರೆದು ತೆಗೆದು, ಮೇಲೊಂದು ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಅಲ್ಲಿ ಗ್ರೈಂಡರ್ ಹಾಕಿದ ಅಥವಾ ಹೊಸ ಪಟ್ಟಿ ವೆಲ್ಡ್ ಮಾಡಿದ ಗುರುತು ಕಂಡರೆ ಚಹಾ ಕುಡಿದು ಎದ್ದು ಬನ್ನಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಅನುಮಾನ ಸಣ್ಣದಿದ್ದರೂ ಆ ನಂಬರನ್ನು ಪೊಲೀಸ್ ಠಾಣೆಯಲ್ಲಿ ತೋರಿಸಿ ಕೇಳಿ.

ನೋಂದಣಿ ನಂಬರ್ ಇದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳು ಮುಚ್ಚಿರುತ್ತವೆ. ಆದರೂ ಮಾರುವವರ ಆಧಾರ್ ಜೊತೆ ತಾಳೆ ನೋಡಲು ಅಷ್ಟು ಸಾಕು.

ಆರ್‌ಸಿ ಕಳೆದಿದ್ದರೆ ನಕಲು ಪ್ರತಿಗೆ ಅರ್ಜಿ ಹಾಕಬೇಕಾದವರು ದಾಖಲೆಯಲ್ಲಿರುವ ಮಾಲೀಕರು, ನೀವಲ್ಲ. ಅವರು ಪೊಲೀಸರಿಗೆ ದೂರು ಕೊಟ್ಟು, ಅದರ ಸ್ವೀಕೃತಿಯೊಂದಿಗೆ ಫಾರಂ 26 ಅನ್ನು ಆರ್‌ಟಿಒಗೆ ಸಲ್ಲಿಸಬೇಕು. ‘ನೀವೇ ಮಾಡಿಸ್ಕೊಳ್ರಿ’ ಎಂಬ ಮಾತಿಗೆ ಒಪ್ಪಬೇಡಿ. ಹಣ ಕೈಸೇರಿದ ಮೇಲೆ ಅವರು ಫೋನ್ ಎತ್ತುವುದೇ ಕಷ್ಟ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35, ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರಿಂದ ಫಾರಂ 31 ಬೇಕು. ಗಡಿಯಾಚೆ ಮಹಾರಾಷ್ಟ್ರದಲ್ಲಿ ನೋಂದಣಿಯಾದ ಟ್ರೇಲರ್ ಆದರೆ ಅಲ್ಲಿಯ ಆರ್‌ಟಿಒ ಎನ್‌ಒಸಿಯೂ ಬೇಕು. ಅದು ಫಾರಂ 28.

ನೋಂದಣಿಯೇ ಆಗಿರದಿದ್ದರೆ ತಯಾರಕರ ಮಾರಾಟ ಪತ್ರ (ಫಾರಂ 21) ಮತ್ತು ರಸ್ತೆಯೋಗ್ಯತೆಯ ಪತ್ರ (ಫಾರಂ 22) ಕೇಳಿ. ಊರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಡಬ್ಬಿಗೆ ಇವು ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದಿದ್ದರೆ ನನ್ನ ಪ್ರಕಾರ ಅದರ ಬೆಲೆ ಗುಜರಿ ಕಬ್ಬಿಣದ ಬೆಲೆಯೇ.

ಬಾಂಡ್ ಪೇಪರ್ ಹಣ ಕೊಟ್ಟದ್ದಕ್ಕೆ ಸಾಕ್ಷಿಯಾದೀತು, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಿಸಲಾರದು. ಈ ಗೊಂದಲ ಮಾರುವವರ ಕುತ್ತಿಗೆಗೂ ಬರುತ್ತದೆ: ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಅವರಿಗೆ ಹೇಳಿ ನೋಡಿ, ಕಾಗದಪತ್ರಕ್ಕೆ ಅವರೇ ಓಡಾಡುತ್ತಾರೆ.

ನಕಲು ಆರ್‌ಸಿ ಬಂದ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಮುಂಗಡ ಮಾತ್ರ ಕೊಡಿ. ಬಾಕಿ ಹಣ ಬ್ಯಾಂಕ್ ಮೂಲಕವೇ ಹೋಗಲಿ. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ವರ್ಗಾವಣೆಯಾದ 14 ದಿನದೊಳಗೆ ಅರ್ಜಿ ಹಾಕಬೇಕು. ಹಾಕುವಾಗ ಪಾಲಿಸಿಯಲ್ಲಿ ಟ್ರ್ಯಾಕ್ಟರ್ ನಂಬರ್ ಜೊತೆ ಟ್ರೇಲರ್ ನಂಬರೂ ಇದೆಯೇ ಎಂದು ಕಣ್ಣಾರೆ ನೋಡಿ.