ಅರ್ಧ ಹಾಳೆ ಪ್ಲೈವುಡ್‌ನಲ್ಲಿ ರೂಟರ್ ಟೇಬಲ್

ರೂಟರ್ ಎಂದರೆ ವೇಗವಾಗಿ ತಿರುಗುವ ಬಿಟ್‌ನಿಂದ, ಅಂದರೆ ಅಲಗಿನಿಂದ, ಮರದಲ್ಲಿ ತೋಡು ಮತ್ತು ಅಂಚು ಕೆತ್ತುವ ಯಂತ್ರ. ಕೈಯಲ್ಲಿ ಹಿಡಿದು ಓಡಿಸುವ ರೂಟರ್ ನೆಟ್ಟಗೆ ಕೂರಬೇಕಾದರೆ ಅದರ ಅಡಿಯಲ್ಲಿ ಸಾಕಷ್ಟು ಅಗಲದ ಮರ ಇರಬೇಕು. ಎರಡು ಬೆರಳು ಅಗಲದ ಫೋಟೊ ಫ್ರೇಮ್ ಪಟ್ಟಿಯ ಅಂಚಿಗೆ ಗೋಲಾಯಿ ಕೊಡಲು ಹೊರಟರೆ ಬೇಸ್ ಒಂದು ಕಡೆ ವಾಲುತ್ತದೆ, ಬಿಟ್ ಮರವನ್ನು ಕಚ್ಚಿ ಗುಳಿ ಬೀಳಿಸುತ್ತದೆ. ಅದೇ ರೂಟರನ್ನು ತಲೆಕೆಳಗಾಗಿಸಿ ಮೇಜಿನಡಿ ಬಿಗಿದರೆ ಯಂತ್ರ ನಿಂತಲ್ಲೇ ಇರುತ್ತದೆ, ಮರ ಮಾತ್ರ ಚಲಿಸುತ್ತದೆ. ಸಣ್ಣ ತುಂಡು, ಕಿರಿದಾದ ಪಟ್ಟಿ, ಒಂದೇ ಅಳತೆಯ ಹತ್ತಾರು ತೋಡು, ಎಲ್ಲವೂ ಸುಲಭವಾಗುತ್ತವೆ.

ಇಂಥ ಮೇಜು ಕಟ್ಟುವಾಗ ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೇಲ್ಮೈ ಸಮತಟ್ಟಾಗಿರಬೇಕು. ಫೆನ್ಸ್, ಅಂದರೆ ಮರ ಒರಗಿಕೊಂಡು ಸಾಗುವ ತಡೆಗೋಡೆ, ನೇರವಾಗಿದ್ದು ಮೇಜಿಗೆ 90 ಡಿಗ್ರಿಯಲ್ಲಿ ನಿಲ್ಲಬೇಕು. ಉಳಿದ ಅಳತೆಗಳು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಕೆಲಸ ಕೆಡುವುದಿಲ್ಲ.

ಕತ್ತರಿಸಬೇಕಾದ ತುಂಡುಗಳು

18 ಮಿ.ಮೀ. ದಪ್ಪದ ಪ್ಲೈವುಡ್ ಅರ್ಧ ಹಾಳೆ, ಅಂದರೆ 1220×1220 ಮಿ.ಮೀ., ಧಾರಾಳವಾಗಿ ಸಾಕು. ಮೇಲ್ಹಲಗೆ 600×450. ಪಕ್ಕದ ಹಲಗೆ ಎರಡು, ತಲಾ 400 ಮಿ.ಮೀ. ಅಗಲ, 320 ಎತ್ತರ. ಹಿಂಬದಿಯ ಹಲಗೆ 464×320. ಮುಂದೆ ಮೇಲ್ಗಡೆ ಅಡ್ಡಪಟ್ಟಿ 464×70. ತಳಕ್ಕೆ 600×60ರ ಎರಡು ಪಟ್ಟಿ. ಫೆನ್ಸ್‌ಗೆ 650×100 ಮತ್ತು 650×90 ಅಳತೆಯ ಒಂದೊಂದು ತುಂಡು, ಜೊತೆಗೆ ಉಳಿಕೆಯಿಂದ 70×70ರ ನಾಲ್ಕು ತ್ರಿಕೋನಗಳು. ಹಾಳೆಯಲ್ಲಿ ಅತಿ ಸಮತಟ್ಟಾದ ಭಾಗ ಮೇಲ್ಹಲಗೆಗೆ, ಕಾರ್ಖಾನೆಯಲ್ಲೇ ಕತ್ತರಿಸಿ ಬಂದ ನೇರ ಅಂಚು ಫೆನ್ಸ್‌ಗೆ. ಗರಗಸ ಹಿಡಿಯುವ ಮೊದಲೇ ಇದನ್ನು ಗುರುತು ಹಾಕಿಕೊಳ್ಳಿ.

ಮೇಲ್ಹಲಗೆಗೆ ಲ್ಯಾಮಿನೇಟ್ ಅಂಟಿಸಿದರೆ ಮರ ಸಲೀಸಾಗಿ ಜಾರುತ್ತದೆ. ಆದರೆ ಅಂಟಿಸುವುದಾದರೆ ಎರಡೂ ಬದಿಗೆ ಅಂಟಿಸಿ. ಒಂದೇ ಬದಿಗೆ ಅಂಟಿಸಿದ ಹಲಗೆಯಲ್ಲಿ ಇನ್ನೊಂದು ಬದಿ ಮಾತ್ರ ಗಾಳಿಯ ತೇವ ಹೀರಿ, ಕೆಲವೇ ವಾರಗಳಲ್ಲಿ ಹಲಗೆ ಬಾಗಬಹುದು. ಲ್ಯಾಮಿನೇಟ್ ಬೇಡವೆಂದರೆ ಎರಡು ಕೋಟ್ ವಾರ್ನಿಶ್ ಹೊಡೆದು ಪೇಸ್ಟ್ ಮೇಣ ಉಜ್ಜಿ. ಸಿಲಿಕೋನ್ ಸ್ಪ್ರೇ ಮಾತ್ರ ಬೇಡ. ಅದರ ಅಂಶ ಮರಕ್ಕೆ ಅಂಟಿದರೆ ಮುಂದೆ ಪಾಲಿಶ್ ಹಿಡಿಯುವುದಿಲ್ಲ.

ಪೆಟ್ಟಿಗೆ ಜೋಡಿಸುವುದು ಕಷ್ಟವಲ್ಲ. ಹಿಂಬದಿ ಹಲಗೆ ಮತ್ತು ಮುಂದಿನ ಅಡ್ಡಪಟ್ಟಿಯನ್ನು ಎರಡು ಪಕ್ಕಗಳ ನಡುವೆ ಇಟ್ಟು, ಅಂಟು ಹಾಕಿ, 4×50 ಮಿ.ಮೀ. ಸ್ಕ್ರೂ ಬಿಗಿಯಿರಿ. ಪ್ಲೈವುಡ್‌ನ ಅಂಚಿಗೆ ಸ್ಕ್ರೂ ಹೋಗುವಲ್ಲೆಲ್ಲ ಮೊದಲು 3 ಮಿ.ಮೀ. ತೂತು ಕೊರೆಯಿರಿ, ಇಲ್ಲವಾದರೆ ಪದರ ಸೀಳುತ್ತದೆ. ಅಂಟು ಒಣಗುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಎರಡೂ ಸಮವಾದರೆ ಪೆಟ್ಟಿಗೆ ಚೌಕವಾಗಿದೆ. ತಳದ ಪಟ್ಟಿಗಳು ಎರಡೂ ಬದಿಗೆ 50 ಮಿ.ಮೀ. ಹೊರಚಾಚಲಿ, ಕೆಲಸದ ಬೆಂಚಿಗೆ ಕ್ಲ್ಯಾಂಪ್ ಹಾಕಲು ಅದೇ ಜಾಗ. ಮುಂಭಾಗ ತೆರೆದೇ ಇರಲಿ. ಅಲ್ಲಿಂದಲೇ ಕೈ ಹಾಕಿ ಬಿಟ್‌ನ ಎತ್ತರ ಬದಲಿಸಬೇಕು, ಮೋಟಾರಿಗೆ ಗಾಳಿಯೂ ಅಲ್ಲಿಂದಲೇ ಬರಬೇಕು. ಮೋಟಾರನ್ನು ಒತ್ತಿ ಕೆಳಗಿಳಿಸುವ ಬಗೆಯ ಉದ್ದನೆಯ ಪ್ಲಂಜ್ ರೂಟರ್ ಆದರೆ ಪಕ್ಕದ ಹಲಗೆಗಳ ಎತ್ತರವನ್ನು ಮೊದಲೇ ಹೆಚ್ಚಿಸಿಕೊಳ್ಳಿ. ರೂಟರ್ ಅಡಿಯಲ್ಲಿ ಕನಿಷ್ಠ 60 ಮಿ.ಮೀ. ಖಾಲಿ ಇರಬೇಕು.

ಮೇಲ್ಹಲಗೆಯನ್ನು ಪೆಟ್ಟಿಗೆಗೆ ಈಗಲೇ ಕೂಡಿಸಬೇಡಿ. ಅದರಲ್ಲಿ ಕೊರೆಯುವ ಕೆಲಸ ಬಾಕಿಯಿದೆ.

ಪ್ಲೇಟ್: ತಾಳ್ಮೆ ಬೇಡುವ ಭಾಗ

ರೂಟರನ್ನು ನೇರವಾಗಿ 18 ಮಿ.ಮೀ. ಹಲಗೆಯ ಅಡಿಗೆ ಬಿಗಿದರೆ ಬಿಟ್‌ನ ಉದ್ದದಲ್ಲಿ ಅಷ್ಟೂ ಹಲಗೆಯೊಳಗೇ ಕಳೆದುಹೋಗುತ್ತದೆ. ಅದಕ್ಕೇ 250×200 ಮಿ.ಮೀ. ಅಳತೆಯ, 6 ಮಿ.ಮೀ. ದಪ್ಪದ ಪ್ಲೇಟ್ ಬೇಕು. ಹಗುರ ಟ್ರಿಮ್ ರೂಟರ್‌ಗೆ ಅಕ್ರಿಲಿಕ್ ಸಾಕು. ಭಾರದ ರೂಟರ್‌ಗೆ 6 ಮಿ.ಮೀ. ಅಲ್ಯುಮಿನಿಯಂ ಒಳ್ಳೆಯದು, ಏಕೆಂದರೆ ತೂಕ ಸದಾ ನೇತಾಡುತ್ತಿದ್ದರೆ ಅಕ್ರಿಲಿಕ್ ನಡುವೆ ತಗ್ಗುತ್ತದೆ.

ಮೊದಲು ಪ್ಲೇಟಿನಲ್ಲಿ ಸ್ಕ್ರೂ ತೂತುಗಳು. ರೂಟರ್ ಬೇಸಿನಡಿಯ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿ, ಎರಡು ಬದಿ ಅಂಟುವ ಟೇಪಿನಿಂದ ಪ್ಲೇಟಿನ ನಟ್ಟನಡುವೆ ಅಂಟಿಸಿ. ತಟ್ಟೆಯ ತೂತುಗಳೇ ನಿಮ್ಮ ಅಚ್ಚು. ಅಕ್ರಿಲಿಕ್ ಆದರೆ ಅಡಿಯಲ್ಲಿ ಮರದ ತುಂಡು ಇಟ್ಟು ಡ್ರಿಲ್ಲನ್ನು ನಿಧಾನ ವೇಗದಲ್ಲಿ ಓಡಿಸಿ. ಒತ್ತಿ ಹಿಡಿದರೆ ಬಿಟ್ ಹೊರಬರುವ ಕ್ಷಣದಲ್ಲಿ ಹಾಳೆ ಬಿರುಕು ಬಿಡುತ್ತದೆ. ತೂತು ಸ್ಕ್ರೂವಿಗಿಂತ ಅರ್ಧ ಮಿ.ಮೀ. ದೊಡ್ಡದಿರಲಿ. ಮೇಲ್ಬದಿಯಲ್ಲಿ ಸ್ಕ್ರೂ ತಲೆ ಮುಳುಗಿ ಕೂರುವಷ್ಟು ಇಳಿಜಾರು ಕೊರೆಯಿರಿ. ಬೆರಳಾಡಿಸಿದಾಗ ತಲೆ ತಾಗಲೇಬಾರದು, ಏಕೆಂದರೆ ಬೆರಳಿಗೆ ತಾಗಿದ್ದು ಮರಕ್ಕೂ ತಾಗಿ ಗೀರು ಬೀಳಿಸುತ್ತದೆ. ಹೊಸ ಪ್ಲೇಟ್ ಹಳೆಯ ತಟ್ಟೆಗಿಂತ ಎಷ್ಟು ಹೆಚ್ಚು ದಪ್ಪವೋ, ಹೊಸ ಸ್ಕ್ರೂ ಹಳೆಯದಕ್ಕಿಂತ ಅಷ್ಟೇ ಹೆಚ್ಚು ಉದ್ದವಿರಬೇಕು. ಅದಕ್ಕಿಂತ ಉದ್ದದ್ದನ್ನು ಹಾಕಿದರೆ ಎಳೆ ಮುಗಿದಲ್ಲಿ ನಿಂತುಬಿಡುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ, ಪ್ಲೇಟ್ ಮಾತ್ರ ಸಡಿಲವಾಗಿಯೇ ಇರುತ್ತದೆ.

ರೂಟರನ್ನು ಪ್ಲೇಟಿಗೆ ಬಿಗಿದ ಮೇಲೆ, ಪ್ಲಗ್ ಕಿತ್ತಿಟ್ಟು, ಮೊನಚು ತುದಿಯ ವಿ-ಬಿಟ್ ಹಾಕಿ ಪ್ಲೇಟಿಗೆ ತಾಗುವವರೆಗೆ ತಂದು ಕೈಯಿಂದ ಒಮ್ಮೆ ತಿರುಗಿಸಿ. ಬಿದ್ದ ಚುಕ್ಕಿಯೇ ಕೇಂದ್ರ. ರೂಟರ್ ಬಿಚ್ಚಿ, ಅಲ್ಲಿ ಹೋಲ್ ಸಾ ಬಳಸಿ ಸುಮಾರು 38 ಮಿ.ಮೀ. ತೂತು ಮಾಡಿ.

ಇನ್ನು ಪ್ಲೇಟ್ ಕೂರುವ ಗೂಡು. ಪ್ಲೇಟಿನ ಕೇಂದ್ರ ಮೇಲ್ಹಲಗೆಯ ಎಡ-ಬಲಕ್ಕೆ ನಡುವೆ, ಮುಂದಿನ ಅಂಚಿನಿಂದ 200 ಮಿ.ಮೀ. ದೂರದಲ್ಲಿ ಬರಲಿ. ಪ್ಲೇಟನ್ನು ಅಲ್ಲಿಟ್ಟು, ಸುತ್ತ 18 ಮಿ.ಮೀ. ದಪ್ಪದ ನಾಲ್ಕು ನೇರ ಪಟ್ಟಿಗಳನ್ನು ಒತ್ತಿ ಜೋಡಿಸಿ ಟೇಪಿನಿಂದ ಅಂಟಿಸಿ. ಪ್ಲೇಟ್ ತೆಗೆದುಬಿಡಿ, ಉಳಿದ ಚೌಕಟ್ಟೇ ಅಚ್ಚು. ಈಗ ಮೇಲ್ಗಡೆ ಬೇರಿಂಗ್ ಇರುವ, 12 ಮಿ.ಮೀ. ವ್ಯಾಸದ ಗಿಡ್ಡ ಬಿಟ್ ಹಾಕಿ, ಬೇರಿಂಗ್ ಪಟ್ಟಿಗೆ ತಾಗುತ್ತ ಸಾಗುವಂತೆ ಅಂಚಿನುದ್ದಕ್ಕೂ 20 ಮಿ.ಮೀ. ಅಗಲದ ದಾರಿ ತೋಡಿ. ಒಮ್ಮೆಗೆ 3 ಮಿ.ಮೀ.ಗಿಂತ ಆಳ ಬೇಡ. ಕೊನೆಯ ಆಳ ಪ್ಲೇಟಿನ ದಪ್ಪಕ್ಕಿಂತ ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರಲಿ. ಬೇರಿಂಗ್ ಬಿಟ್ ಇಲ್ಲವೆ? ಪ್ಲೇಟಿನ ಅಂಚಿನುದ್ದಕ್ಕೂ ಗುರುತು ಹಾಕಿ, ಪಟ್ಟಿಗಳನ್ನು ಅದರಿಂದ ಹೊರಕ್ಕೆ ದೂರ ಸರಿಸಿ, ರೂಟರ್ ಬೇಸಿನ ಅಂಚನ್ನೇ ಅವಕ್ಕೆ ಒರಗಿಸಿ ಓಡಿಸಿ. ಎಷ್ಟು ದೂರ ಎಂಬುದಕ್ಕೆ ಬೇಸಿನ ಅಗಲದಿಂದ ಬಿಟ್‌ನ ವ್ಯಾಸ ಕಳೆದು ಅರ್ಧ ಮಾಡಿ. ಬೇಸ್ 90, ಬಿಟ್ 12 ಇದ್ದರೆ 39 ಮಿ.ಮೀ.

ಹಲವರು ಎಡವುವುದು ಈ ಹಂತದಲ್ಲೇ. ನಡುವಿನ ಕಿಂಡಿಯನ್ನು ಮೊದಲೇ ಕತ್ತರಿಸಿಬಿಡುತ್ತಾರೆ. ಆಗ ಗೂಡು ತೋಡುವಾಗ ರೂಟರ್‌ಗೆ ಒಳಬದಿಯಲ್ಲಿ ಆಧಾರವಿಲ್ಲದೆ ಬೇಸ್ ವಾಲಿ ಗೂಡಿನ ತಳ ಓರೆಯಾಗುತ್ತದೆ. ಗೂಡು ಮುಗಿದ ನಂತರವೇ, ಅದರ ಗೋಡೆಯಿಂದ 12 ಮಿ.ಮೀ. ಒಳಗೆ ಗೆರೆ ಎಳೆದು ಜಿಗ್‌ಸಾದಿಂದ ಕಿಂಡಿ ಕತ್ತರಿಸಿ. ಆ 12 ಮಿ.ಮೀ. ಕಟ್ಟೆಯ ಮೇಲೆ ಪ್ಲೇಟ್ ಕೂರುತ್ತದೆ. ಬಿಟ್ ಮೂಲೆಯಲ್ಲಿ 6 ಮಿ.ಮೀ. ತ್ರಿಜ್ಯದ ದುಂಡು ಬಿಟ್ಟಿರುತ್ತದೆ, ಪ್ಲೇಟಿನ ಮೂಲೆಗಳನ್ನೂ ಅರದಿಂದ ಅಷ್ಟೇ ದುಂಡಗೆ ಮಾಡಿ.

ಗೂಡನ್ನು ಬೇಕೆಂದೇ ತುಸು ಆಳ ಮಾಡಿದ್ದಕ್ಕೆ ಕಾರಣವಿದೆ. ಕಟ್ಟೆಯ ನಾಲ್ಕು ಮೂಲೆಗೆ ಒಂದೊಂದು ಚಪ್ಪಟೆ ತಲೆಯ ಸಣ್ಣ ಸ್ಕ್ರೂ ತಲೆ ಮುಳುಗುವಂತೆ ಹಾಕಿ. ಆಮೇಲೆ ಪ್ಲೇಟ್ ಅವುಗಳ ಮೇಲೆ ಕೂರುವಷ್ಟು ತುಸು ಹೊರಕ್ಕೆ ತಿರುಗಿಸಿ. ಸ್ಕ್ರೂ ಕಾಲು ಸುತ್ತು ಆಚೀಚೆ ತಿರುಗಿಸಿದರೆ ಆ ಮೂಲೆ ಕೂದಲೆಳೆಯಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಮೇಜು-ಪ್ಲೇಟ್ ಸಂದಿಯ ಮೇಲೆ ಅಡ್ಡ ಹಿಡಿದು, ಎಲ್ಲೂ ಬೆಳಕು ಕಾಣದಂತೆ ಸರಿಹೊಂದಿಸಿ. ಪ್ಲೇಟ್ ತಗ್ಗಿದ್ದರೆ ಮರದ ಮೂತಿ ಅದರೊಳಗೆ ಇಳಿದು ಎಡಬದಿಯ ಅಂಚಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ತಿರುಗುವ ಬಿಟ್ ಎದುರು ಮರ ನಿಂತರೆ ಅಪಾಯ.

ಈಗ ಮೇಲ್ಹಲಗೆಯನ್ನು ಪೆಟ್ಟಿಗೆಯ ಮೇಲಿಡಿ. ಎಡ-ಬಲಕ್ಕೆ 50, ಹಿಂದೆ-ಮುಂದೆ 25 ಮಿ.ಮೀ. ಹೊರಚಾಚಬೇಕು. ಒಳಮೂಲೆಗಳಲ್ಲಿ 20 ಮಿ.ಮೀ. ದಪ್ಪದ ಮರದ ತುಂಡು ಕೊಟ್ಟು ಅಡಿಯಿಂದ 35 ಮಿ.ಮೀ. ಸ್ಕ್ರೂ ಹಾಕಿ. 40ರ ಸ್ಕ್ರೂ ಮೇಲೆ ತಲೆ ಹಾಕುತ್ತದೆ.

ಫೆನ್ಸ್ ಸಮಾನಾಂತರ ಇರಬೇಕಿಲ್ಲ

650×90ರ ತುಂಡು ಮುಖ, 650×100ರದು ಬುಡ. ಎರಡನ್ನೂ ಇಂಗ್ಲಿಷಿನ ಎಲ್ ಆಕಾರಕ್ಕೆ ಕೂಡಿಸುವ ಮುನ್ನ, ಮುಖದ ಕೆಳಅಂಚಿನ ನಡುವೆ 60 ಅಗಲ, 40 ಎತ್ತರದ ಕಿಂಡಿ, ಬುಡದ ಮುಂಅಂಚಿನಲ್ಲಿ 60 ಅಗಲ, 50 ಆಳದ ಕಿಂಡಿ ಕತ್ತರಿಸಿ. ಬಿಟ್ ಅದರೊಳಗೆ ಅಡಗುತ್ತದೆ. ತ್ರಿಕೋನಗಳನ್ನು ಹಿಂದೆ ಅಂಟಿಸುವಾಗ ಮೂಲೆಮಟ್ಟ ಹಿಡಿದೇ ಇರಿ. ಕಿಂಡಿಯ ಎಡ-ಬಲದ ಎರಡು ತ್ರಿಕೋನಗಳ ಮೇಲೆ ತೆಳು ಪ್ಲೈ ಮುಚ್ಚಿ, ಅದರಲ್ಲಿ ವ್ಯಾಕ್ಯೂಮ್ ಪೈಪಿಗೆ ತೂತು ಮಾಡಿದರೆ ಹೊಟ್ಟು ಹೀರುವ ಡಬ್ಬಿ ಸಿದ್ಧ. ಮುಖದ ಕೆಳಅಂಚನ್ನು 2 ಮಿ.ಮೀ. ಓರೆ ಕೆತ್ತಿ. ಇಲ್ಲದಿದ್ದರೆ ಅಲ್ಲಿ ಹೊಟ್ಟು ಸೇರಿಕೊಂಡು ಮರ ಫೆನ್ಸ್‌ಗೆ ಪೂರ್ತಿ ತಾಗುವುದಿಲ್ಲ, ತೋಡು ಡೊಂಕಾಗುತ್ತದೆ. ಒಣಗಿದ ಮೇಲೆ ಮುಖ ಓರೆಯಾದದ್ದು ಕಂಡರೆ ಬುಡದಡಿ ಒಂದೆರಡು ಪದರ ಟೇಪ್ ಅಂಟಿಸಿ ಸರಿಪಡಿಸಬಹುದು.

ಗರಗಸದ ಮೇಜಿನಲ್ಲಿ ಫೆನ್ಸ್ ಬ್ಲೇಡಿಗೆ ಸಮಾನಾಂತರವಿರಲೇಬೇಕು. ರೂಟರ್ ಬಿಟ್ ದುಂಡಗಿದೆ, ಅದಕ್ಕೆ ದಿಕ್ಕೆಂಬುದಿಲ್ಲ. ಫೆನ್ಸ್‌ನಿಂದ ಬಿಟ್‌ಗೆ ಎಷ್ಟು ದೂರ ಎಂಬುದಷ್ಟೇ ಲೆಕ್ಕ. ಹಾಗಾಗಿ ಫೆನ್ಸ್‌ನ ಬಲ ತುದಿಯಿಂದ 50, ಮುಖದಿಂದ 60 ಮಿ.ಮೀ. ಹಿಂದೆ ಒಂದು 8 ಮಿ.ಮೀ. ತೂತು, ಮೇಜಿನ ಬಲ ಅಂಚಿನಿಂದ 25, ಮುಂದಿನ ಅಂಚಿನಿಂದ 260 ಮಿ.ಮೀ. ಒಳಗೆ ಇನ್ನೊಂದು ತೂತು ಕೊರೆದು, ಬೋಲ್ಟ್ ಮತ್ತು ರೆಕ್ಕೆ ನಟ್ ಹಾಕಿದರೆ ಫೆನ್ಸ್ ಬಾಗಿಲಿನಂತೆ ತಿರುಗುತ್ತದೆ. ಎಡ ತುದಿಗೆ ಕ್ಲ್ಯಾಂಪ್. ಬಿಟ್ ನಡುವೆ ಇರುವುದರಿಂದ ಎಡ ತುದಿ 1 ಮಿ.ಮೀ. ಸರಿದರೆ ಬಿಟ್ ಬಳಿ ಸುಮಾರು ಅರ್ಧ ಮಿ.ಮೀ. ಮಾತ್ರ ಬದಲಾಗುತ್ತದೆ. ಪೆನ್ಸಿಲ್ ಗೆರೆ ಎಳೆದುಕೊಂಡು ಸರಿಸಿದರೆ ದುಬಾರಿ ಉಪಕರಣದಷ್ಟೇ ನಯವಾಗಿ ಹೊಂದಿಸಬಹುದು.

ಓಡಿಸುವ ಮುನ್ನ

ಪೆಟ್ಟಿಗೆಯ ಮುಂದೆ, ಕೈಗೆ ತಟ್ಟನೆ ಸಿಗುವಲ್ಲಿ ಪ್ರತ್ಯೇಕ ಸ್ವಿಚ್ ಕೂಡಿಸಿ. ಕರೆಂಟ್ ಹೋಗಿ ಮರಳಿ ಬಂದಾಗ ತಾನಾಗಿ ಚಾಲೂ ಆಗದ, ನೋ-ವೋಲ್ಟ್ ಬಗೆಯ ಸ್ವಿಚ್ಚೇ ಸರಿ. ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

6 ಮಿ.ಮೀ. ಮತ್ತು ಕಾಲು ಇಂಚಿನ ದಂಡದ ಬಿಟ್ ನೋಡಲು ಒಂದೇ. ಕಾಲು ಇಂಚೆಂದರೆ 6.35 ಮಿ.ಮೀ. ಅದರ ಕಾಲೆಟ್‌ಗೆ, ಅಂದರೆ ರೂಟರ್‌ನಲ್ಲಿ ಬಿಟ್‌ನ ದಂಡವನ್ನು ಕಚ್ಚಿ ಹಿಡಿಯುವ ಭಾಗಕ್ಕೆ, 6ರ ಬಿಟ್ ಹಾಕಿದರೆ ಎಷ್ಟೇ ಬಿಗಿದರೂ ಜಾರುತ್ತದೆ. ದಂಡವನ್ನು ತಳ ಮುಟ್ಟುವವರೆಗೆ ಇಳಿಸಿ, 2-3 ಮಿ.ಮೀ. ಮೇಲೆತ್ತಿ, ಆಮೇಲೆ ಬಿಗಿಯಿರಿ. ತಳಕ್ಕೆ ಒತ್ತಿಕೊಂಡ ಬಿಟ್ ಕಾಲೆಟ್ ಪೂರ್ತಿ ಹಿಡಿಯಲು ಬಿಡುವುದಿಲ್ಲ, ಓಡುತ್ತ ಓಡುತ್ತ ಮೇಲೇರುತ್ತದೆ. ತೋಡಿನ ಆಳ ಒಂದು ತುದಿಯಿಂದ ಇನ್ನೊಂದಕ್ಕೆ ಹೆಚ್ಚುತ್ತ ಹೋದರೆ ಮೊದಲು ಇದನ್ನೇ ಅನುಮಾನಿಸಿ.

25 ಮಿ.ಮೀ. ವ್ಯಾಸದವರೆಗಿನ ಬಿಟ್ ನಿಮಿಷಕ್ಕೆ 22,000 ಸುತ್ತಿನ ಆಸುಪಾಸಿನಲ್ಲಿ ಓಡಬಹುದು. 50 ಮಿ.ಮೀ.ವರೆಗೆ 16,000ದಿಂದ 18,000. ಅದಕ್ಕಿಂತ ದೊಡ್ಡದಕ್ಕೆ 12,000 ಅಥವಾ ಕಡಿಮೆ. ಬಿಟ್ ಮೇಲೆ ಮಿತಿ ಬರೆದಿದ್ದರೆ ಅದೇ ಅಂತಿಮ. ಟ್ರಿಮ್ ರೂಟರ್‌ಗೆ ದೊಡ್ಡ ಬಿಟ್ ಹಾಕಲೇಬೇಡಿ.

ಮೇಜಿನ ಮುಂದೆ ನಿಂತು ಮರವನ್ನು ಬಲದಿಂದ ಎಡಕ್ಕೆ ನೂಕಬೇಕು. ತಲೆಕೆಳಗಾದ ರೂಟರ್‌ನ ಬಿಟ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಬಲದಿಂದ ಬರುವ ಮರ ಅದಕ್ಕೆದುರಾಗಿ ಸಾಗಿ ಫೆನ್ಸ್‌ಗೆ ಒತ್ತಿಕೊಳ್ಳುತ್ತದೆ. ಎಡದಿಂದ ನೂಕಿದರೆ ಬಿಟ್ ಮರವನ್ನು ಕೈಯಿಂದ ಕಿತ್ತು ಎಸೆಯುತ್ತದೆ, ಬೆರಳು ಹಿಂದೆಯೇ ಹೋಗುತ್ತದೆ. ಬಿಟ್ ಮತ್ತು ಫೆನ್ಸ್ ನಡುವಿನ ಸಂದಿಯಲ್ಲಿ ಮರ ತೂರಿಸುವುದಂತೂ ಎಂದಿಗೂ ಬೇಡ. 300 ಮಿ.ಮೀ.ಗಿಂತ ಗಿಡ್ಡ ತುಂಡನ್ನು ಬರಿಗೈಯಲ್ಲಿ ಹಿಡಿಯಬೇಡಿ. ದೊಡ್ಡ ಹಲಗೆಯ ಅಂಚಿಗೇ ಆಕಾರ ಕೊಟ್ಟು ಆಮೇಲೆ ಕತ್ತರಿಸಿಕೊಳ್ಳಿ. ಕನ್ನಡಕ, ಕಿವಿಮುಚ್ಚುಗೆ, ಮಾಸ್ಕ್ ಇರಲಿ. ಕೈಗವಸು ಬೇಡ, ಬಿಟ್ ಅದನ್ನು ಸುತ್ತಿಕೊಳ್ಳುತ್ತದೆ.

ಗಟ್ಟಿಮರದಲ್ಲಿ ಒಂದು ಓಟಕ್ಕೆ 3 ಮಿ.ಮೀ. ಸಾಕು. ನಾಲ್ಕೂ ಅಂಚಿಗೆ ಆಕಾರ ಬೇಕಿದ್ದರೆ ನಾರು ಕತ್ತರಿಸುವ ಎರಡು ತುದಿಗಳನ್ನು ಮೊದಲು ಮಾಡಿ. ಅಲ್ಲಿ ಮೂಲೆ ಚಕ್ಕೆ ಎದ್ದರೂ, ನಂತರ ನಾರಿನುದ್ದಕ್ಕೆ ಓಡಿಸುವಾಗ ಅದು ಕತ್ತರಿಸಿಹೋಗುತ್ತದೆ. ಸುಟ್ಟ ಕಪ್ಪು ಗುರುತು ಬಂದರೆ ಮರವನ್ನು ಅರ್ಧದಲ್ಲಿ ನಿಲ್ಲಿಸಿದ್ದೀರಿ, ಇಲ್ಲವೆ ಬಿಟ್ ಮೊಂಡಾಗಿದೆ ಅಥವಾ ಅದಕ್ಕೆ ಅಂಟು ಮೆತ್ತಿದೆ. ಅಲೆಅಲೆಯಾದ ಗುರುತು ಬಂದರೆ ನೂಕುವುದು ಅತಿ ವೇಗವಾಗಿದೆ.

ಇದೇ ಮೇಜು ಅಂಚು ನೇರ ಮಾಡುವ ಕೆಲಸಕ್ಕೂ ಒದಗುತ್ತದೆ. ಫೆನ್ಸ್‌ನ ಎಡ ಅರ್ಧಕ್ಕೆ ಮಾತ್ರ 1 ಮಿ.ಮೀ. ಲ್ಯಾಮಿನೇಟ್ ತುಂಡನ್ನು ಟೇಪಿನಿಂದ ಅಂಟಿಸಿ, ನೇರ ಬಿಟ್‌ನ ಅಲಗು ಆ ಲ್ಯಾಮಿನೇಟಿನ ಮುಖಕ್ಕೆ ಸರಿಯಾಗಿ ಸಮವಾಗುವಂತೆ ಫೆನ್ಸ್ ಹೊಂದಿಸಿ. ಬಲದಿಂದ ನೂಕಿದ ಹಲಗೆ 1 ಮಿ.ಮೀ. ಕಳೆದುಕೊಂಡು ನೇರ ಅಂಚಿನೊಂದಿಗೆ ಎಡಕ್ಕೆ ಬರುತ್ತದೆ. ಹಲಗೆಯ ದಪ್ಪ ಬಿಟ್‌ನ ಅಲಗಿನ ಉದ್ದಕ್ಕಿಂತ ಕಡಿಮೆ ಇರಬೇಕು, ಅಷ್ಟೆ.