ನಡು ಕುಸಿದ ಮೈನರ್ ನೆಟ್ಟಗಾದ ಬಗೆ

ತುಕ್ಕಿನಿಂದ ನಡು ಕುಸಿದು ಬಾಗಿಲು ಸರಿಯಾಗಿ ಕೂರದಂತಾಗಿದ್ದ ನನ್ನ ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರಿನ ಎರಡೂ ಬಾಗಿಲುಗಳು ಈಗ ಒಂದು ಬೆರಳಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತವೆ. ‘ಗುಜರಿಗೆ ಕೊಡಿ’ ಎಂದವರೂ, ‘ಬಾಗಿಲನ್ನೇ ವೆಲ್ಡ್ ಮಾಡಿ, ಮೇಲಿನಿಂದ ಹತ್ತಿ ಇಳಿಯಿರಿ’ ಎಂದವರೂ ಬಂದು ನೋಡಿ ಹೋದರು. ಅವರಲ್ಲಿ ಇಬ್ಬರು ಮೂವತ್ತು ವರ್ಷ ಟಿಂಕರಿಂಗ್ ಮಾಡಿದವರು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ 1950ರದು, 918 ಸಿಸಿ ಸೈಡ್ ವಾಲ್ವ್ ಎಂಜಿನ್. ಚಾವಣಿ ಮಡಚುವ ಈ ಕನ್ವರ್ಟಿಬಲ್ ಮಾದರಿಯನ್ನು ಆಗ ಟೂರರ್ ಎನ್ನುತ್ತಿದ್ದರು. ಅಡಿಯಲ್ಲಿ ಭಾರ ಹೊರುವ ಪ್ರತ್ಯೇಕ ಛಾಸಿ ಇಲ್ಲ, ಮೇಲೆ ತಗಡಿನ ಚಾವಣಿಯೂ ಇಲ್ಲ. ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತಗಡಿನ ತೊಲೆ, ಹೋದರೆ ಬೆನ್ನುಮೂಳೆಯೇ ಹೋದಂತೆ. ಕಟಪಾಡಿಯ ಉಪ್ಪುಗಾಳಿ, ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಬೇರೇನು ಬೇಕು? ಸಿಲ್ ಕೊರೆದಾಗ ಒಳಗಿನಿಂದ ಒಂದು ಸೇರಿನಷ್ಟು ಮುರಕಲ್ಲಿನ ಕೆಂಪು ಮಣ್ಣು ಸುರಿಯಿತು. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ಅದು ಒದ್ದೆಯಾಗಿತ್ತು. ನೀರು ಇಳಿಯುವ ತೂತುಗಳಿಗೆ ಹಿಂದೆ ಯಾರೋ ಪುಟ್ಟಿ ಮೆತ್ತಿದ್ದರು.

ಮೊದಲು ಮಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಅಲ್ಲಿ ಬಾಗಿಲ ಚೌಕಟ್ಟಿಗೆ ಆಧಾರ ಕೊಡದೆ ಎರಡೂ ಕಡೆಯ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಿ, ಗ್ಯಾಸ್ ವೆಲ್ಡಿಂಗ್‌ನಲ್ಲಿ ಹೊಸ ತಗಡು ಕೂರಿಸಿದರು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದಾಗ ನಡು ಇನ್ನಷ್ಟು ಕುಸಿದಿತ್ತು. ಬಾಗಿಲಿನ ಹಿಂಬದಿಯ ಸಂದು ಮೇಲೆ ಎರಡು ಮಿಲಿಮೀಟರ್, ಕೆಳಗೆ ಹನ್ನೊಂದು ಹನ್ನೆರಡು. ಸುಮಾರು 38 ಸಾವಿರ ರೂಪಾಯಿ ನೀರಿಗೆ ಹೋಯಿತು. ಆ ತಗಡನ್ನು ಪೂರ್ತಿ ಕಿತ್ತು ತೆಗೆಯಲು ನನಗೆ ಮತ್ತೆ ಹದಿನೈದು ದಿನ ಬೇಕಾಯಿತು.

ಉಪಾಯ ಹೊಳೆದದ್ದು ಮಲ್ಪೆಯಲ್ಲಿ. ಬೋಟಿನ ತಂತಿ ಬಿಗಿಯುವ ಟರ್ನ್‌ಬಕಲ್ ಕಣ್ಣಿಗೆ ಬಿತ್ತು. ಎಳೆಯುವ ಸಾಧನ ತಳ್ಳಲೂಬಹುದಲ್ಲ! ದಪ್ಪ ಸರಳಿಗೆ ಎಡ ಮತ್ತು ಬಲ ಮರೆ (ತಿರುಪಿನ ಸುತ್ತು) ಹಾಕಿಸಿ ಎರಡು ಮಾಡಿಸಿದೆ. ಒಂದು ತುದಿ ಹಿಂಜ್ ಬೋಲ್ಟಿನ ತೂತುಗಳಿಗೆ, ಇನ್ನೊಂದು ಬಾಗಿಲ ಲಾಕ್ ಕಚ್ಚುವ ಕಂಬಕ್ಕೆ. ಎಂಜಿನ್ ಇಳಿಸಲಿಲ್ಲ, ಓಡುವಾಗ ಇರುವ ಭಾರದಲ್ಲೇ ಬಾಡಿ ನೆಟ್ಟಗಾಗಬೇಕು ಎಂಬುದು ನನ್ನ ಹಟ. ನಡುವಿಗೆ ಎರಡು ಜಾಕ್ ಕೊಟ್ಟು, ದಿನಕ್ಕೆ ಕಾಲು ಸುತ್ತು, ಅಷ್ಟೇ. ದಪ್ಪದ ಐದು ರೂಪಾಯಿ ನಾಣ್ಯಕ್ಕೆ ಎರಡು ಹ್ಯಾಕ್ಸಾ ಬ್ಲೇಡ್ ಸೇರಿಸಿ ಟೇಪ್ ಸುತ್ತಿದ್ದೇ ನನ್ನ ಅಳತೆ. ಅದು ಸಂದಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಹದದಲ್ಲಿ ಜಾರಬೇಕು. ಇಪ್ಪತ್ತನೆಯ ದಿನವೋ ಇಪ್ಪತ್ತೊಂದನೆಯ ದಿನವೋ ಜಾರಿತು. ಜಾಕ್‌ಗಳನ್ನು ಯಾವ ಬಿಂದುವಿಗೆ ಇಟ್ಟೆ ಎಂಬುದನ್ನು ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾನು ಗಾಡಿಯ ಒಂದು ಫ್ಲೋರ್ ತಗಡನ್ನೇ ಕಳೆದುಕೊಂಡಿದ್ದೇನೆ.

ಆಮೇಲೆ ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ. ಹೊರ ಸಿಲ್ಲಿಗೆ 18 ಗೇಜ್, ಒಳಗಿನ ಬಲಪಡಿಸುವ ತಗಡಿಗೆ ಅದಕ್ಕಿಂತ ದಪ್ಪದ 16 ಗೇಜ್. ತಗಡಿನ ಚಾವಣಿಯ ಸಲೂನ್ ಮಾದರಿಗೆ ಹಾಕುವಂತೆ ಹಾಕಿದರೆ ಟೂರರಿಗೆ ಸಾಲದು, ಒಳತಗಡು ಬೇಕೇ ಬೇಕು. ತಂತಿ ಕರಗಿಸಿ ಗ್ಯಾಸಿನ ಮರೆಯಲ್ಲಿ ಬೆಸೆಯುವ ಮಿಗ್ ವೆಲ್ಡಿಂಗ್, 0.8 ಮಿಲಿಮೀಟರ್ ತಂತಿ, ಒಂದು ಇಂಚು ಹಾಕಿ ಆರು ಇಂಚು ಆಚೆಗೆ ಜಿಗಿತ. ಸಂಜೆ ಕಡಲಗಾಳಿ ಎದ್ದರೆ ಗ್ಯಾಸ್ ಹಾರಿ ಬೆಸುಗೆ ಜೇನುಗೂಡಿನಂತಾಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಹತ್ತರೊಳಗೆ ಕೆಲಸ. ಮುಂದಿನ ಚಕ್ರಗಳ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಹಿಡಿಯುವ ಅಡ್ಡತೊಲೆಯ (ಕ್ರಾಸ್ ಮೆಂಬರ್) ತುದಿಗಳೂ ಹಪ್ಪಳವಾಗಿದ್ದವು. ಅವನ್ನು ಕೊನೆಯಲ್ಲಿ ಸರಿ ಮಾಡಿದೆ.

ನಡುವೆ ಒಂದು ಪ್ರಯೋಗ. ತೀರ್ಥಹಳ್ಳಿಯ ನೆಂಟರ ಮನೆಯಿಂದ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಒಗರು ರಸ) ತಂದು ತುಕ್ಕಿನ ಮೇಲೆ ಬಳಿದೆ. ಅದರ ಟ್ಯಾನಿನ್ ತುಕ್ಕನ್ನು ಹಿಡಿದು ಒಂದೇ ರಾತ್ರಿಯಲ್ಲಿ ಕಪ್ಪಗೆ ಗಟ್ಟಿ ಪದರವಾಯಿತು. ತೆಳು ತುಕ್ಕಿಗೆ ನಿಜಕ್ಕೂ ಒಳ್ಳೆಯದು, ಪದರ ಎದ್ದ ತುಕ್ಕಿಗೆ ಪ್ರಯೋಜನವಿಲ್ಲ. ಸಿಲ್ಲಿನ ಒಳಗೆ ಮಾತ್ರ ಮೀನೆಣ್ಣೆ, ದೋಣಿಗೆ ಬಳಿಯುವಂಥದ್ದು. ಬೆಸುಗೆಯ ಸಂದಿಗೆಲ್ಲ ತಾನಾಗಿ ಹರಿಯುತ್ತದೆ. ನಾಲ್ಕು ತಿಂಗಳು ಬೂತಾಯಿ ವಾಸನೆ ಇತ್ತು, ಮನೆಯವರು ಹತ್ತಲಿಲ್ಲ. ಅದಕ್ಕೆ ಬೆರೆಸಿದ ಇನ್ನೊಂದು ವಸ್ತು ನನ್ನಲ್ಲೇ ಇರಲಿ.

ತಗಡು, ಗ್ಯಾಸ್, ಬಾಡಿಗೆ ಯಂತ್ರ, ಬಣ್ಣ ಎಲ್ಲ ಸೇರಿ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು, ಮೊದಲು ಕಳೆದದ್ದು ಬೇರೆ. ಹೊರಗೆ ಕೇಳಿದ್ದಕ್ಕೆ ಮೂರೂವರೆ ಲಕ್ಷ ಹೇಳಿದ್ದರು, ಅದೂ ಬಾಗಿಲಿನ ಭರವಸೆ ಕೊಡದೆ.

ಒಂದು ಮಳೆಗಾಲ ಕಳೆದ ಮೇಲೆ ಅದೇ ನಾಣ್ಯವನ್ನು ಸಂದಿನಲ್ಲಿ ಇಳಿಸಿ ನೋಡಿದೆ. ಎಡಗಡೆ ಎಲ್ಲೂ ತಡೆಯಲಿಲ್ಲ. ಬಲಗಡೆ ಮೇಲ್ತುದಿಯಲ್ಲಿ ಕೊಂಚ ಬಿಗಿ. ಅದು ಬಾಡಿಯ ತಪ್ಪಲ್ಲ, ಮೇಲಿನ ಹಿಂಜಿನ ಪಿನ್ನು ಸವೆದಿದೆ. ಹೊಸದನ್ನು ಲೇತಿಗೆ ಕೊಟ್ಟಿದ್ದೇನೆ.